ಇಂಗ್ಲೆಂಡಿನ ಸರೋವರ ಸೀಮೆ

ಇಂಗ್ಲೆಂಡಿನ ವಾಯವ್ಯ ಮೂಲೆಯ ಕಂಬ್ರಿಯಾದಲ್ಲಿ ಸುಮಾರು 2,360 ಚದರ ಕಿಲೋಮೀಟರ್ ಹರಡಿರುವ ಗುಡ್ಡಗಾಡು ಪ್ರದೇಶವೇ ಲೇಕ್ ಡಿಸ್ಟ್ರಿಕ್ಟ್. 1951ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು, 2017ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ರಾಷ್ಟ್ರೀಯ ಉದ್ಯಾನವೆಂದರೆ ಬಂಡೀಪುರದಂಥ ಕಾಡನ್ನು ನೆನೆಯುವವರಿಗೆ ಇಲ್ಲಿ ಆಶ್ಚರ್ಯ ಕಾದಿರುತ್ತದೆ. ಇದರೊಳಗೆ ಪೇಟೆಗಳಿವೆ, ಹಳ್ಳಿಗಳಿವೆ, ಸುಮಾರು 40 ಸಾವಿರ ಜನರ ಮನೆಮಠಗಳಿವೆ. ಬೆಟ್ಟದ ನೆತ್ತಿಯವರೆಗೂ ಗಾರೆಯಿಲ್ಲದೆ ಪೇರಿಸಿದ ಕಲ್ಲಿನ ಗೋಡೆಗಳು ಏರಿ ಹೋಗುತ್ತವೆ, ಅವುಗಳ ನಡುವೆ ಕುರಿಗಳು ಮೇಯುತ್ತವೆ. ಯುನೆಸ್ಕೊ ಮನ್ನಣೆ ಕೊಟ್ಟದ್ದು ಕೂಡ ಕಾಡಿಗಲ್ಲ, ಕುರಿಗಾರರೂ ಕವಿಗಳೂ ಸೇರಿ ರೂಪಿಸಿದ ನೆಲಕ್ಕೆ.

ಸರೋವರಗಳ ಅಚ್ಚು ಹೊಯ್ದದ್ದು ಮಾತ್ರ ಮನುಷ್ಯನಲ್ಲ. ಇಲ್ಲಿನ ನಡುಬೆಟ್ಟಗಳ ಬಂಡೆ ಸುಮಾರು 45 ಕೋಟಿ ವರ್ಷಗಳ ಹಿಂದಿನ ಜ್ವಾಲಾಮುಖಿಗಳು ಉಗುಳಿದ್ದು. ಬಹಳ ಕಾಲದ ಮೇಲೆ ಹಿಮಯುಗಗಳು ಬಂದವು. ಬೆಟ್ಟದಿಂದ ಜಾರಿದ ಹಿಮನದಿಗಳು ಹಳೆಯ ನದಿಕಣಿವೆಗಳನ್ನು ಉದ್ದಕ್ಕೆ, ಆಳಕ್ಕೆ ಕೆತ್ತಿದವು. ಸುಮಾರು 11,700 ವರ್ಷಗಳ ಹಿಂದೆ ಕೊನೆಯ ಹಿಮಯುಗ ಮುಗಿದಾಗ ಆ ತಗ್ಗುಗಳಲ್ಲಿ ನೀರು ನಿಂತಿತು. ಹೀಗಾಗಿ ಇಲ್ಲಿನ ದೊಡ್ಡ ಸರೋವರಗಳಲ್ಲಿ ಹೆಚ್ಚಿನವು ದುಂಡಗಿಲ್ಲ, ನೀಳವಾಗಿ ಇಕ್ಕಟ್ಟಾಗಿವೆ. ನಡುಬೆಟ್ಟದಿಂದ ಅವು ಗಾಲಿಯ ಅರೆಕಾಲುಗಳಂತೆ ಸುತ್ತಲೂ ಹರಡಿಕೊಂಡಿವೆ. ಈ ಹೋಲಿಕೆ ಕೊಟ್ಟವನು ಕವಿ ವಿಲಿಯಂ ವರ್ಡ್ಸ್‌ವರ್ತ್, ತಾನು ಬರೆದ ಪ್ರವಾಸಿ ಕೈಪಿಡಿಯಲ್ಲಿ. ಒಂದು ಕಣಿವೆಯಿಂದ ಪಕ್ಕದ ಕಣಿವೆಗೆ ಹೋಗಬೇಕಾದರೆ ಬೆಟ್ಟ ಹತ್ತಿಳಿಯಬೇಕು, ಇಲ್ಲವೇ ದೂರದ ಸುತ್ತು ಹಾಕಬೇಕು. ಒಂದೇ ದಿನದಲ್ಲಿ ಎಲ್ಲವನ್ನೂ ನೋಡಿ ಮುಗಿಸುವ ಲೆಕ್ಕಾಚಾರ ಕೆಡುವುದು ಇದೇ ಕಾರಣಕ್ಕೆ.

ಹದಿನೆಂಟನೇ ಶತಮಾನದವರೆಗೂ ಹೊರಗಿನವರು ಇತ್ತ ಸುಳಿಯುತ್ತಿದ್ದುದೇ ಕಡಿಮೆ. ಕವಿ ಥಾಮಸ್ ಗ್ರೇ 1769ರಲ್ಲಿ ಬಂದು ಹೋದ. 1778ರಲ್ಲಿ ಥಾಮಸ್ ವೆಸ್ಟ್ ಎಂಬ ಪಾದ್ರಿ, ಯಾವ ಸರೋವರವನ್ನು ಎಲ್ಲಿ ನಿಂತು ನೋಡಬೇಕೆಂದು ಜಾಗಗಳನ್ನೇ ಗೊತ್ತುಮಾಡಿ ಕೈಪಿಡಿ ಪ್ರಕಟಿಸಿದ. ಅಂದಿನ ರಸಿಕರ ಕೈಯಲ್ಲಿ ಕಪ್ಪು ಛಾಯೆಯ ಸಣ್ಣ ಉಬ್ಬುಗನ್ನಡಿ ಇರುತ್ತಿತ್ತು. ಸರೋವರಕ್ಕೆ ಬೆನ್ನು ಹಾಕಿ ನಿಂತು, ಕನ್ನಡಿಯೊಳಗೆ ಅದರ ಬಿಂಬ ನೋಡುವುದು ಆ ಕಾಲದ ಅಭಿರುಚಿ. ಆಗ ದೃಶ್ಯ ವರ್ಣಚಿತ್ರದಂತೆ ಕಾಣುತ್ತಿತ್ತಂತೆ. ವಿಂಡರ್‌ಮಿಯರ್ ಸರೋವರದ ಪಶ್ಚಿಮ ದಡದಲ್ಲಿ ಕ್ಲೈಫ್ ಎಂಬಲ್ಲಿ ಇದಕ್ಕೆಂದೇ ಒಂದು ಮಹಡಿ ಕಟ್ಟಿ, ಕಿಟಕಿಗಳಿಗೆ ಬಣ್ಣದ ಗಾಜು ಹಾಕಿಸಿದ್ದರು. ಹಳದಿ ಗಾಜಿನಲ್ಲಿ ಶರತ್ಕಾಲ, ತಿಳಿಹಸಿರಿನಲ್ಲಿ ವಸಂತ, ಕಡುನೀಲಿಯಲ್ಲಿ ಬೆಳುದಿಂಗಳು! ಸೆಲ್ಫಿಗಾಗಿ ಸರೋವರಕ್ಕೆ ಬೆನ್ನು ತಿರುಗಿಸುವ ಇಂದಿನವರನ್ನು ಗೇಲಿ ಮಾಡುವವರು ಇದನ್ನು ನೆನಪಿಡಬೇಕು. ಆ ಕಟ್ಟಡದ ಉಳಿಕೆಯನ್ನು ಈಗಲೂ ನೋಡಬಹುದು.

ವಿಂಡರ್‌ಮಿಯರ್ ಇಂಗ್ಲೆಂಡಿನ ಅತಿ ದೊಡ್ಡ ಸಹಜ ಸರೋವರ. ಉದ್ದ ಸುಮಾರು 17 ಕಿಲೋಮೀಟರ್. ಅಗಲ ಹೆಚ್ಚೆಂದರೆ ಒಂದೂವರೆ. ಆಳ 64 ಮೀಟರ್. ಕೆಂಡಲ್ ಪಟ್ಟಣದಿಂದ ಇಲ್ಲಿಗೆ ರೈಲು ಹಾಕುವ ಯೋಜನೆ 1844ರಲ್ಲಿ ಹೊರಬಿದ್ದಾಗ, ಪತ್ರಿಕೆಗೆ ಕಾಗದ ಬರೆದು, ಸುನೀತ ರಚಿಸಿ ಪ್ರತಿಭಟಿಸಿದವನು ವರ್ಡ್ಸ್‌ವರ್ತ್. ಜನರನ್ನು ಕೈಪಿಡಿ ಬರೆದು ಕರೆದವನೇ, ಅವರು ಗುಂಪಾಗಿ ಬರುವ ಸೂಚನೆ ಕಂಡಾಗ ಬೇಡವೆಂದ. ಅವನ ಮಾತು ನಡೆಯಲಿಲ್ಲ. 1847ರಲ್ಲಿ ರೈಲು ಬಂತು. ನಿಲ್ದಾಣದ ಸುತ್ತ ಬೆಳೆದ ಪೇಟೆಗೆ ಸರೋವರದ ಹೆಸರೇ ಆಯಿತು. ಆ ಪೇಟೆಯಿಂದ ನೀರಿನಂಚಿಗೆ ಇನ್ನೂ ಎರಡು ಕಿಲೋಮೀಟರಿನಷ್ಟು ಇಳಿಯಬೇಕು. ದಡದ ಊರು ಬೌನೆಸ್‌ನಿಂದ ಸರೋವರದ ಎರಡೂ ತುದಿಗಳಿಗೆ ಸ್ಟೀಮರುಗಳು ಹೋಗುತ್ತವೆ. ಬೇಸಿಗೆಯಲ್ಲಿ ಬೌನೆಸ್ ಜಾತ್ರೆಯೇ ಸರಿ. 2005ರಿಂದ ದೋಣಿಗಳ ವೇಗಕ್ಕೆ ಗಂಟೆಗೆ 10 ನಾಟಿಕಲ್ ಮೈಲಿಯ ಮಿತಿ ಇರುವುದರಿಂದ ಮೋಟಾರಿನ ಅಬ್ಬರ ತಗ್ಗಿದೆ. ಆದರೆ ಚರಂಡಿ ನೀರಿನಿಂದಲೂ ಹೊಲಗಳಿಂದಲೂ ಸೇರುವ ರಂಜಕದಿಂದಾಗಿ ಬೆಚ್ಚಗಿನ ದಿನಗಳಲ್ಲಿ ನೀಲಿಹಸಿರು ಪಾಚಿ ಕಟ್ಟುತ್ತದೆ. ಅಂಥ ದಿನ ನೀರಿಗಿಳಿಯುವುದು ಅಪಾಯ.

ಗ್ರಾಸ್‌ಮಿಯರ್, ರೈಡಲ್ ವಾಟರ್ ಎರಡೂ ಪುಟ್ಟ ಸರೋವರಗಳು, ನಡುವೆ ರಾಥೇ ಹೊಳೆ. ನಮ್ಮ ನವೋದಯದ ಕವಿಗಳು ಓದಿ ಮೆಚ್ಚಿದ ವರ್ಡ್ಸ್‌ವರ್ತ್ ಬದುಕಿದ್ದು ಈ ನೀರಿನ ಆಸುಪಾಸಿನಲ್ಲೇ. 1799ರಿಂದ 1808ರವರೆಗೆ ಡವ್ ಕಾಟೇಜ್ ಎಂಬ ಇಕ್ಕಟ್ಟಾದ ಮನೆ; 1813ರಿಂದ 1850ರಲ್ಲಿ ಸಾಯುವತನಕ ರೈಡಲ್ ಮೌಂಟ್. ಸಮಾಧಿ ಗ್ರಾಸ್‌ಮಿಯರ್ ಚರ್ಚಿನ ಅಂಗಳದಲ್ಲಿದೆ. ಒಂದು ಮನೆಯಿಂದ ಇನ್ನೊಂದಕ್ಕೆ ಬೆಟ್ಟದ ಓರೆಯಲ್ಲಿ ಕಾಲುದಾರಿಯಿದೆ. ಹಿಂದೆ ಹೆಣಗಳನ್ನು ಚರ್ಚಿಗೆ ಹೊತ್ತು ತರುತ್ತಿದ್ದ ದಾರಿ ಅದು. ಹೆಸರು ಈಗಲೂ ಶವಪೆಟ್ಟಿಗೆಯ ದಾರಿ ಎಂದೇ. ಎರಡೂ ಸರೋವರಗಳು ಕೆಳಗೆ ಕಾಣುತ್ತ ಸಾಗುವ ಈ ನಡಿಗೆ ಕಷ್ಟದ್ದೇನಲ್ಲ.

ವರ್ಡ್ಸ್‌ವರ್ತ್‌ನ ಡ್ಯಾಫೊಡಿಲ್ ಹೂಗಳ ಕವಿತೆಯ ಜಾಗ ಮಾತ್ರ ಗ್ರಾಸ್‌ಮಿಯರ್ ಅಲ್ಲ, ಬೆಟ್ಟದಾಚೆಯ ಅಲ್ಸ್‌ವಾಟರ್. 1802ರ ಏಪ್ರಿಲ್ 15ರಂದು ಅಣ್ಣ ತಂಗಿ ಇಬ್ಬರೂ ಅದರ ದಡದಲ್ಲಿ ನಡೆದು ಹೋಗುವಾಗ ಆ ಹೂಗಳನ್ನು ಕಂಡರು. ತಂಗಿ ಡೊರೊತಿ ಅದನ್ನು ದಿನಚರಿಯಲ್ಲಿ ಬರೆದಿಟ್ಟಳು. ಅಣ್ಣನ ಕವಿತೆ ಬಂದದ್ದು ಆಮೇಲೆ. ಕವಿತೆಯಲ್ಲಿ ಕವಿ ಒಂಟಿ, ಡೊರೊತಿಯ ಸುಳಿವೇ ಇಲ್ಲ. ಸುಮಾರು 12 ಕಿಲೋಮೀಟರ್ ಉದ್ದದ ಈ ಸರೋವರ ಎರಡು ಕಡೆ ತಿರುವು ಪಡೆದಿರುವುದರಿಂದ ಎಲ್ಲಿ ನಿಂತರೂ ಪೂರ್ತಿ ಕಾಣುವುದಿಲ್ಲ. ಇಲ್ಲಿ 1859ರಿಂದ ಸ್ಟೀಮರುಗಳು ಓಡುತ್ತಿವೆ. 1877ರಲ್ಲಿ ನೀರಿಗಿಳಿದ ‘ಲೇಡಿ ಆಫ್ ದಿ ಲೇಕ್’ ಇಂದಿಗೂ ಕೆಲಸದಲ್ಲಿದೆ. ಗ್ಲೆನ್‌ರಿಡಿಂಗ್‌ನಲ್ಲಿ ಹತ್ತಿ ಹೌಟೌನ್‌ನಲ್ಲಿ ಇಳಿದು, ದಡದ ಕಾಲುದಾರಿಯಲ್ಲಿ ಸುಮಾರು 10 ಕಿಲೋಮೀಟರ್ ವಾಪಸು ನಡೆಯುವುದು ಈ ಸೀಮೆಯ ಒಳ್ಳೆಯ ನಡಿಗೆಗಳಲ್ಲೊಂದು.

ಕಾನಿಸ್ಟನ್ ವಾಟರ್‌ನ ಪೂರ್ವ ದಡದಲ್ಲಿ ಬ್ರ್ಯಾಂಟ್‌ವುಡ್ ಎಂಬ ಮನೆಯಿದೆ. ಲೇಖಕ ಜಾನ್ ರಸ್ಕಿನ್ ಅದನ್ನು 1871ರಲ್ಲಿ ಕಣ್ಣಾರೆ ನೋಡದೆಯೇ ಕೊಂಡ, 1900ರಲ್ಲಿ ಅಲ್ಲಿಯೇ ತೀರಿಕೊಂಡ. 1904ರಲ್ಲಿ ಜೊಹಾನ್ಸ್‌ಬರ್ಗ್‌ನಿಂದ ಡರ್ಬನ್‌ಗೆ ಹೋಗುವ ರೈಲಿನಲ್ಲಿ ಗಾಂಧೀಜಿ ಓದಿ ಬದುಕಿನ ದಾರಿ ಬದಲಿಸಿಕೊಂಡ ‘ಅನ್‌ಟು ದಿಸ್ ಲಾಸ್ಟ್’ ಇದೇ ರಸ್ಕಿನ್‌ನದು. ಅದರ ಸಾರವನ್ನು ಗುಜರಾತಿಯಲ್ಲಿ ಬರೆದು ಅವರು ಇಟ್ಟ ಹೆಸರು ‘ಸರ್ವೋದಯ’. ಪುಸ್ತಕದ ಬರಹಗಳು 1860ರವು, ಈ ಮನೆಗಿಂತ ಹಳೆಯವು. ಆದರೂ ಭಾರತದಿಂದ ಬಂದವರಿಗೆ ಬ್ರ್ಯಾಂಟ್‌ವುಡ್ ನೋಡಲು ಬೇರೆ ಕಾರಣ ಬೇಕಿಲ್ಲ. ಇದೇ ನೀರಿನಲ್ಲಿ 1967ರ ಜನವರಿ 4ರಂದು ಡೊನಾಲ್ಡ್ ಕ್ಯಾಂಬೆಲ್, ‘ಬ್ಲೂಬರ್ಡ್’ ಎಂಬ ಜೆಟ್ ದೋಣಿಯಲ್ಲಿ ಗಂಟೆಗೆ 300 ಮೈಲಿಯ ಗಡಿ ದಾಟಲು ಹೋಗಿ ಸತ್ತ. ದೋಣಿಯನ್ನೂ ಅವನ ದೇಹವನ್ನೂ ಮೇಲೆತ್ತಿದ್ದು 2001ರಲ್ಲಿ. ಬ್ಲೂಬರ್ಡ್ ಈಗ ಕಾನಿಸ್ಟನ್ ಊರಿನ ರಸ್ಕಿನ್ ವಸ್ತುಸಂಗ್ರಹಾಲಯದಲ್ಲಿದೆ.

ಸಹಜವೆಂದು ಕಾಣುವ ಎಲ್ಲ ನೀರೂ ಸಹಜವಲ್ಲ. ಥರ್ಲ್‌ಮಿಯರ್‌ಗೆ ಅಣೆಕಟ್ಟು ಕಟ್ಟಿ, ಸುಮಾರು 150 ಕಿಲೋಮೀಟರ್ ದೂರದ ಮ್ಯಾಂಚೆಸ್ಟರ್ ನಗರಕ್ಕೆ 1894ರಿಂದ ನೀರು ಒಯ್ಯಲಾಗುತ್ತಿದೆ. ಪಂಪು ಬೇಕಿಲ್ಲ, ಇಳಿಜಾರಿನಲ್ಲಿ ತಾನಾಗಿ ಹರಿಯುತ್ತದೆ. ಪೂರ್ವದ ಹಾಸ್‌ವಾಟರ್‌ನಲ್ಲಿ 1930ರ ದಶಕದಲ್ಲಿ ಮಾರ್ಡೇಲ್ ಹಳ್ಳಿಯೇ ಮುಳುಗಿತು. ಚರ್ಚನ್ನು ಕೆಡವಿದರು, ಅಲ್ಲಿ ಹೂತಿದ್ದವರನ್ನು ತೆಗೆದು ಬೇರೆಡೆ ಮಣ್ಣು ಮಾಡಿದರು. ಬರಗಾಲದಲ್ಲಿ ನೀರು ಇಳಿದಾಗ ಹಳ್ಳಿಯ ಸೇತುವೆ, ಕಲ್ಲಿನ ಗೋಡೆಗಳು ಹೊರಗೆ ಕಾಣುತ್ತವೆ.

ಥರ್ಲ್‌ಮಿಯರ್ ಯೋಜನೆಗೆ ಬಲವಾದ ವಿರೋಧವೆದ್ದಿತ್ತು. ಆದರೆ ಅದು ಸೋತಿತು. ಆ ಸೋಲಿನ ಬಳಿಕ ಕೆಸಿಕ್ ಊರಿನ ಬಳಿಯ ಪಾದ್ರಿ ಹಾರ್ಡ್‌ವಿಕ್ ರಾನ್ಸ್‌ಲಿ, ಆಕ್ಟೇವಿಯಾ ಹಿಲ್ ಮತ್ತು ರಾಬರ್ಟ್ ಹಂಟರ್ ಜೊತೆಗೂಡಿ 1895ರಲ್ಲಿ ನ್ಯಾಷನಲ್ ಟ್ರಸ್ಟ್ ಕಟ್ಟಿದ. ಚೆಲುವಾದ ನೆಲವನ್ನು ಕೊಂಡು ಸಾರ್ವಜನಿಕರಿಗೆ ಉಳಿಸುವುದು ಅದರ ದಾರಿ. ಈ ಸೀಮೆಯಲ್ಲಿ ಅದು ಮೊದಲು ಕೊಂಡ ಜಾಗ ಕೆಸಿಕ್‌ನ ಡರ್ವೆಂಟ್‌ವಾಟರ್ ದಡದ ಬ್ರ್ಯಾಂಡಲ್‌ಹೌ ತೋಪು, 1902ರಲ್ಲಿ. ಮಕ್ಕಳ ಕಥೆಗಾರ್ತಿ ಬಿಯಾಟ್ರಿಕ್ಸ್ ಪಾಟರ್ ಪುಸ್ತಕಗಳಿಂದ ಬಂದ ಹಣದಲ್ಲಿ ಜಮೀನು ಕೊಳ್ಳುತ್ತ, ಸ್ಥಳೀಯ ಹರ್ಡ್‌ವಿಕ್ ತಳಿಯ ಕುರಿ ಸಾಕುತ್ತ ಬಾಳಿದಳು. 1943ರಲ್ಲಿ ತೀರಿಕೊಂಡಾಗ 4,000 ಎಕರೆಗೂ ಹೆಚ್ಚು ನೆಲವನ್ನು ಟ್ರಸ್ಟಿಗೆ ಬಿಟ್ಟಳು. ಇಂದು ಪ್ರವಾಸಿಗಳು ಹಲವೆಡೆ ದಡದಲ್ಲಿ ಅಡ್ಡಿಯಿಲ್ಲದೆ ನಡೆಯಬಹುದಾದರೆ ಅದರಲ್ಲಿ ಈ ಜನರ ಪಾಲು ದೊಡ್ಡದು.

ಗದ್ದಲ ಬೇಡವೆನ್ನುವವರಿಗೆ ಪಶ್ಚಿಮದ ಕಣಿವೆಗಳಿವೆ. ಬಟರ್‌ಮಿಯರ್ ಸುತ್ತ ಸುಮಾರು 7 ಕಿಲೋಮೀಟರಿನ ದಾರಿ ಬಹುಪಾಲು ಸಮತಟ್ಟು, ಮಕ್ಕಳೂ ನಡೆಯಬಲ್ಲರು. ವಾಸ್ಟ್‌ವಾಟರ್ ಇಂಗ್ಲೆಂಡಿನ ಅತಿ ಆಳದ ಸರೋವರ, 79 ಮೀಟರ್. ಅದರ ತಲೆಯ ಕಡೆಗೆ ದೇಶದ ಅತಿ ಎತ್ತರದ ಶಿಖರ ಸ್ಕಾಫೆಲ್ ಪೈಕ್, 978 ಮೀಟರ್. ಅಂಗಡಿ ಮುಂಗಟ್ಟುಗಳು ಬಹಳ ಕಡಿಮೆ.

ವರ್ಷಕ್ಕೆ ಒಂದೂವರೆ ಕೋಟಿಗೂ ಮಿಕ್ಕಿ ಜನ ಬರುವ ಸೀಮೆ ಇದು. ಜುಲೈ, ಆಗಸ್ಟ್‌ನಲ್ಲಿ ಕಿರಿದಾದ ರಸ್ತೆಗಳಲ್ಲಿ ಕಾರು ನಿಲ್ಲಿಸಲು ಜಾಗವೇ ಸಿಗುವುದಿಲ್ಲ. ಮೇ, ಜೂನ್ ವಾಸಿ: ಹಗಲು ಉದ್ದ, ಮಳೆಯೂ ತುಸು ಕಡಿಮೆ. ಆದರೂ ಮಳೆಯಂಗಿ ಇಲ್ಲದೆ ಹೊರಡಬಾರದು. ಇಂಗ್ಲೆಂಡಿನಲ್ಲಿ ಅತಿ ಹೆಚ್ಚು ಮಳೆ ಸುರಿಯುವ ಹಳ್ಳಿ ಸೀತ್‌ವೇಟ್ ಇರುವುದು ಈ ಬೆಟ್ಟಗಳ ನಡುವೆಯೇ. ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ಸುಮಾರು ಮೂರು ಗಂಟೆಯ ರೈಲು ಪ್ರಯಾಣ. ಆಕ್ಸನ್‌ಹೋಮ್‌ನಲ್ಲಿ ಇಳಿದರೆ ವಿಂಡರ್‌ಮಿಯರ್‌ಗೆ ಕವಲು ರೈಲು ಉಂಟು. ಅಲ್ಲಿಂದ ಗ್ರಾಸ್‌ಮಿಯರ್, ಕೆಸಿಕ್‌ಗೆ 555 ನಂಬರಿನ ಬಸ್ಸು ಹೋಗುತ್ತದೆ. ಕೈಯಲ್ಲಿ ಒಂದೇ ದಿನವಿರುವವರು ವಿಂಡರ್‌ಮಿಯರ್ ಬಿಟ್ಟು, ಪೆನ್‌ರಿತ್‌ನಲ್ಲಿ ಇಳಿದು ಬಸ್ಸಿನಲ್ಲಿ ಅಲ್ಸ್‌ವಾಟರ್‌ಗೆ ಹೋಗುವುದು ಲೇಸು.