ಪ್ರಾಗ್ ಗಡಿಯಾಚೆಗೆ ಬಂದ ಲೇಸರ್

ಚೆಕ್ ಗಣರಾಜ್ಯದ ರಾಜಧಾನಿ ಪ್ರಾಗ್‌ನಿಂದ ದಕ್ಷಿಣಕ್ಕೆ ಹೊರಟರೆ, ನಗರದ ಎಲ್ಲೆ ಮುಗಿದ ಕೂಡಲೇ ಡೊಲ್ನಿ ಬ್ರೆಝನಿ ಎಂಬ ಚಿಕ್ಕ ಊರು ಸಿಗುತ್ತದೆ. ಜಗತ್ತಿನ ಅತಿ ಪ್ರಬಲ ಲೇಸರ್‌ಗಳಲ್ಲಿ ಕೆಲವು ಇರುವುದು ಇಲ್ಲಿ. ಇವುಗಳ ಪ್ರಯೋಗಾಲಯವನ್ನು ಕಟ್ಟಿದ ಭೌತವಿಜ್ಞಾನ ಸಂಸ್ಥೆ ಇರುವುದು ಪ್ರಾಗ್‌ನಲ್ಲಿ, ದೊಡ್ಡ ವಿಶ್ವವಿದ್ಯಾಲಯಗಳೂ ಅಲ್ಲೇ. ಹಾಗಿದ್ದರೂ ಪ್ರಯೋಗಾಲಯ ಗಡಿ ದಾಟಿ ಬಂದದ್ದೇಕೆ?

ಕಾರಣ ವಿಜ್ಞಾನದಲ್ಲಿಲ್ಲ, ಲೆಕ್ಕದ ಪುಸ್ತಕದಲ್ಲಿದೆ. ಹಣದ ಬಹುಪಾಲು ಬಂದದ್ದು ಯುರೋಪಿಯನ್ ಪ್ರಾದೇಶಿಕ ಅಭಿವೃದ್ಧಿ ನಿಧಿಯಿಂದ. 2007–2013ರ ಅವಧಿಯಲ್ಲಿ ಆ ನಿಧಿಯ ದೊಡ್ಡ ಪಾಲು ಮೀಸಲಾಗಿದ್ದದ್ದು, ತಲಾ ಉತ್ಪನ್ನ ಯುರೋಪಿಯನ್ ಒಕ್ಕೂಟದ ಸರಾಸರಿಯ 75%ಕ್ಕಿಂತ ಕಡಿಮೆ ಇದ್ದ ಸೀಮೆಗಳಿಗೆ. ಪ್ರಾಗ್ ಆ ಸರಾಸರಿಗಿಂತ ಬಹಳ ಮೇಲಿತ್ತು. ಅದನ್ನು ಸುತ್ತುವರಿದ ಮಧ್ಯ ಬೊಹೀಮಿಯಾ ಕೆಳಗಿತ್ತು. ರಾಜಧಾನಿಯ ವಿಜ್ಞಾನಿಗಳು ಕೆಲವೇ ಕಿಲೋಮೀಟರ್ ಆಚೆ ಹೋಗಿ 'ಹಿಂದುಳಿದರು'!

ಈ ನಿಧಿ ಹುಟ್ಟಿದ್ದು 1975ರಲ್ಲಿ. ಎರಡು ವರ್ಷ ಮೊದಲು, ಒಕ್ಕೂಟದ ಹಿಂದಿನ ರೂಪವಾದ ಯುರೋಪಿಯನ್ ಸಮುದಾಯಕ್ಕೆ ಸೇರಿದ್ದ ಬ್ರಿಟನ್‌ಗೆ ಒಂದು ಚಿಂತೆ ಇತ್ತು: ಕೃಷಿ ಸಹಾಯಧನವೆಲ್ಲ ಫ್ರಾನ್ಸ್‌ನಂಥವರ ಪಾಲಾದರೆ ತನಗೇನು ಉಳಿಯುತ್ತದೆ? ಇಟಲಿಗೂ ತನ್ನ ಬಡ ದಕ್ಷಿಣದ ಚಿಂತೆ. ಹೀಗೆ ಚೌಕಾಸಿಯಲ್ಲಿ ಹುಟ್ಟಿದ ನಿಧಿ ಮುಂದೆ ರಸ್ತೆ, ಚರಂಡಿಗಳಿಂದ ಸಂಶೋಧನೆಯತ್ತಲೂ ಹೊರಳಿತು. 2014ರಿಂದಂತೂ, ನಿಮ್ಮ ಸೀಮೆಯ ಬಲ ಯಾವುದರಲ್ಲಿದೆ ಎಂದು ಮೊದಲು ಬರೆದು ತೋರಿಸಿ, ಆಮೇಲೆ ಸಂಶೋಧನೆಗೆ ಹಣ ಕೇಳಿ ಎಂಬ ಷರತ್ತೇ ಬಂತು.

ಲೇಸರ್ ಯೋಜನೆಯ ಕನಸು ಫ್ರೆಂಚ್ ಭೌತವಿಜ್ಞಾನಿ ಜೆರಾರ್ ಮೂರೂ ಅವರದು. ಅತಿ ಕಿರಿದಾದ ಬೆಳಕಿನ ಮಿಡಿತವನ್ನು ಹಿಗ್ಗಿಸಿ, ಬಲ ತುಂಬಿ, ಮತ್ತೆ ಕುಗ್ಗಿಸುವ ವಿಧಾನಕ್ಕಾಗಿ ಅವರಿಗೂ ಡೊನ್ನಾ ಸ್ಟ್ರಿಕ್‌ಲೆಂಡ್ ಅವರಿಗೂ 2018ರಲ್ಲಿ ನೊಬೆಲ್ ಬಂತು. ಹಿಗ್ಗಿಸದೆ ಬಲ ತುಂಬಿದರೆ ಉಪಕರಣವೇ ಸುಟ್ಟುಹೋಗುತ್ತದೆ. ಯೋಜನೆಯ ಕೇಂದ್ರಗಳು ಮೂರು: ಡೊಲ್ನಿ ಬ್ರೆಝನಿ, ಹಂಗೇರಿಯ ಸೆಗೆಡ್, ರೊಮೇನಿಯಾದ ಮಗುರೆಲೆ. ಸೆಗೆಡ್‌ನಲ್ಲಿ ಜಾಗ ಸಿಕ್ಕಿದ್ದು ಸೋವಿಯತ್ ಸೇನೆ ಬಿಟ್ಟುಹೋದ ನೆಲೆಯಲ್ಲಿ. ಮಗುರೆಲೆಯ ಲೇಸರ್ 2019ರಲ್ಲಿ 10 ಪೆಟಾವಾಟ್ ಮುಟ್ಟಿತು. ಒಂದು ಪೆಟಾವಾಟ್ ಎಂದರೆ 10 ಕೋಟಿ ಕೋಟಿ ವಾಟ್. ಆದರೆ ಅದು ಉಳಿಯುವುದು ಕಣ್ಣೆವೆ ಮಿಟುಕಿಸುವುದರ ಲಕ್ಷಾಂಶದಷ್ಟು ಹೊತ್ತೂ ಅಲ್ಲ.

ಈಗ ನನ್ನ ತಕರಾರು. ಮಗುರೆಲೆಯ ಯಂತ್ರ ಕಟ್ಟಿದ್ದು ಫ್ರಾನ್ಸ್‌ನ ಥೇಲ್ಸ್ ಕಂಪನಿ. ಡೊಲ್ನಿ ಬ್ರೆಝನಿಯಲ್ಲಿರುವ, ಸೆಕೆಂಡಿಗೆ 10 ಸಲ ಮಿಡಿಯುವಂತೆ ರೂಪಿಸಿದ ಲೇಸರ್ ಬಂದದ್ದು ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯದಿಂದ. ಬಡ ಸೀಮೆಯ ಹೆಸರಿನಲ್ಲಿ ಬಂದ ದುಡ್ಡು ಶ್ರೀಮಂತ ದೇಶಗಳ ತಯಾರಕರ ಕೈ ಸೇರಿತು. ಊರಿಗೆ ಉಳಿದದ್ದು ಯಂತ್ರ ನಡೆಸುವ ಕಸುಬು. ಅದೇನೂ ಕಡಿಮೆಯಲ್ಲ, ಆದರೆ ಕೈಗಾರಿಕೆ ಎನ್ನಲು ಅಷ್ಟೇ ಸಾಲದು.

ಇದಕ್ಕಿಂತ ನನಗೆ ಹಿಡಿಸುವುದು ಚೆಕ್ ಗಣರಾಜ್ಯದ್ದೇ ಆದ ಒಸ್ಟ್ರಾವಾ. ಕಲ್ಲಿದ್ದಲು, ಉಕ್ಕಿನ ಆ ನಗರದಲ್ಲಿ ಕೊನೆಯ ಕಲ್ಲಿದ್ದಲು ಮೇಲೆ ಬಂದದ್ದು 1994ರಲ್ಲಿ. ಗಣಿ ವಿದ್ಯೆ ಕಲಿಸಲೆಂದು ಹುಟ್ಟಿದ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಇದೇ ನಿಧಿಯ ನೆರವಿನಿಂದ ಸೂಪರ್‌ಕಂಪ್ಯೂಟರ್ ಕೇಂದ್ರ ಎದ್ದಿತು. ಯಂತ್ರಗಳಿಗೆ ಇಟ್ಟ ಹೆಸರು ಅನ್ಸೆಲ್ಮ್, ಸಾಲೊಮನ್, ಬಾರ್ಬೊರಾ, ಕರೊಲಿನಾ: ಆ ಸೀಮೆಯ ಗಣಿಗಳನ್ನು ನೆನಪಿಸುವ ಹೆಸರುಗಳೇ. ಸಾಲೊಮನ್ 2015ರಲ್ಲಿ ಜಗತ್ತಿನ ವೇಗದ ಕಂಪ್ಯೂಟರ್‌ಗಳ ಪಟ್ಟಿಯಲ್ಲಿ 40ನೆಯದಾಗಿತ್ತು. ಇಲ್ಲಿ ಯಾರೂ ಗಡಿ ದಾಟಿ ಬರಬೇಕಾಗಿರಲಿಲ್ಲ. ಹಣ ನಿಜವಾಗಿ ಬೇಕಿದ್ದ ಊರಿಗೇ ಬಂತು.

ಆನೆ ಕೊಡಿಸುವವರು ಸಿಕ್ಕರೂ ಮೇವಿಗೆ ದುಡ್ಡು ಕೊಡುವವರು ಸಿಗಬೇಕಲ್ಲ. ಈ ನಿಧಿ ಕಟ್ಟಡಕ್ಕೆ, ಯಂತ್ರಕ್ಕೆ. ವರ್ಷ ವರ್ಷದ ವಿದ್ಯುತ್ ಬಿಲ್ಲು, ಸಂಬಳ ಆತಿಥೇಯ ದೇಶದ ತಲೆಗೆ. ಹೊರೆ ಹಂಚಿಕೊಳ್ಳಲೆಂದು 2021ರಲ್ಲಿ ಚೆಕ್, ಹಂಗೇರಿ, ಇಟಲಿ, ಲಿಥುವೇನಿಯಾ ಸೇರಿ ಲೇಸರ್ ಕೇಂದ್ರಗಳಿಗೆ ಜಂಟಿ ಸಂಸ್ಥೆಯೊಂದನ್ನು ಮಾಡಿಕೊಂಡವು. ಜರ್ಮನಿ, ಬಲ್ಗೇರಿಯಾ ವೀಕ್ಷಕರಾಗಿ ಕೂತವು. 10 ಪೆಟಾವಾಟ್ ಮುಟ್ಟಿದ ರೊಮೇನಿಯಾ ಆ ಸ್ಥಾಪಕರ ಪಟ್ಟಿಯಲ್ಲೇ ಇರಲಿಲ್ಲ.