ಜ್ವಾಲಾಮುಖಿಗಳ ನಡುವಣ ನಗರಗಳು

ದಕ್ಷಿಣ ಅಮೆರಿಕದ ಪಶ್ಚಿಮದ ಅಂಚಿನಲ್ಲಿ, ಕೊಲಂಬಿಯಾ ಮತ್ತು ಪೆರು ದೇಶಗಳ ನಡುವೆ, ಭೂಮಧ್ಯರೇಖೆಯ ಮೇಲೆಯೇ ನೆಲಸಿರುವ ಈಕ್ವೆಡಾರ್ ವಿಸ್ತೀರ್ಣದಲ್ಲಿ ದೊಡ್ಡ ದೇಶವೇನೂ ಅಲ್ಲ. ಆದರೆ ಆಂಡೀಸ್ ಪರ್ವತಶ್ರೇಣಿಯು ಅಲ್ಲಿ ಎರಡು ಸಾಲುಗಳಾಗಿ ಒಡೆದು ಉತ್ತರದಿಂದ ದಕ್ಷಿಣಕ್ಕೆ ಜೊತೆಜೊತೆಯಾಗಿ ಸಾಗುವುದರಿಂದಲೂ, ಆ ಸಾಲುಗಳ ಶಿಖರಗಳಲ್ಲಿ ಹಲವು ಜ್ವಾಲಾಮುಖಿಗಳಾಗಿರುವುದರಿಂದಲೂ, ಅಷ್ಟು ಚಿಕ್ಕ ನೆಲದಲ್ಲಿ ಅಷ್ಟು ಗಾಂಭೀರ್ಯವನ್ನು ಪ್ರಕೃತಿಯು ಬೇರೆಡೆಯಲ್ಲಿ ಕೂಡಿಸಿಟ್ಟಿರುವುದು ವಿರಳ. 5,897 ಮೀಟರ್ ಎತ್ತರದ ಕೊಟೊಪಾಕ್ಸಿ ಹಿಮದ ಕಿರೀಟವನ್ನು ಧರಿಸಿಯೂ ಒಡಲಲ್ಲಿ ಬೆಂಕಿಯನ್ನು ಇಟ್ಟುಕೊಂಡಿದೆ. 6,263 ಮೀಟರ್ ಎತ್ತರದ ಚಿಂಬೊರಾಸೊ, ಸಮುದ್ರಮಟ್ಟದಿಂದ ಅಳೆದರೆ ಎವರೆಸ್ಟಿಗಿಂತ ಬಹಳ ಕೆಳಗಾದರೂ, ಭೂಮಿಯು ನಡುವಿನಲ್ಲಿ ಉಬ್ಬಿರುವ ಕಾರಣದಿಂದ ಭೂಕೇಂದ್ರದಿಂದ ಅತ್ಯಂತ ದೂರದ ಶಿಖರವೆನಿಸಿದೆ. 1802ರಲ್ಲಿ ಜರ್ಮನಿಯ ವಿಜ್ಞಾನಿ ಅಲೆಕ್ಸಾಂಡರ್ ಹಂಬೋಲ್ಟನು ಈ ಪರ್ವತವನ್ನು ಏರಲೆತ್ನಿಸಿ, ತುದಿಯನ್ನು ಮುಟ್ಟಲಾಗದಿದ್ದರೂ, ಎತ್ತರವು ಬದಲಾದಂತೆ ಸಸ್ಯಸಂಪತ್ತು ಹೇಗೆ ಬದಲಾಗುತ್ತದೆಂಬುದರ ಪ್ರಸಿದ್ಧ ನಕ್ಷೆಯನ್ನು ಜಗತ್ತಿಗೆ ಕೊಟ್ಟನು.

ಈ ಎರಡು ಸಾಲುಗಳ ನಡುವಣ ಕಣಿವೆಗಳಲ್ಲಿಯೇ ಸ್ಪೇನಿನವರು ತಮ್ಮ ಮುಖ್ಯ ನಗರಗಳನ್ನು ಕಟ್ಟಿದುದು ಏತಕ್ಕೆಂದು ಯೋಚಿಸತಕ್ಕದ್ದಾಗಿದೆ. ತಂಪಾದ ಹವೆಯೊಂದೇ ಅದಕ್ಕೆ ಕಾರಣವಲ್ಲ. ಅವರು ಬರುವ ಮೊದಲೇ ಆ ಕಣಿವೆಗಳಲ್ಲಿ ಮೆಕ್ಕೆಜೋಳವನ್ನೂ ಆಲೂಗಡ್ಡೆಯನ್ನೂ ಬೆಳೆಯುತ್ತಿದ್ದ ಜನ ದಟ್ಟವಾಗಿ ನೆಲಸಿದ್ದರು. ಇಂಕಾ ಅರಸರ ರಾಜಮಾರ್ಗ ಅಲ್ಲಿ ಹಾದುಹೋಗುತ್ತಿದ್ದಿತು. ಜನವಿದ್ದಲ್ಲಿ ದುಡಿಮೆಯುಂಟು, ದುಡಿಮೆಯಿದ್ದಲ್ಲಿ ಸಂಪತ್ತುಂಟು ಎಂಬುದನ್ನು ವಿಜೇತರು ಬಲ್ಲವರಾಗಿದ್ದರು. ಆದುದರಿಂದ ಈಕ್ವೆಡಾರಿನ ವಸಾಹತುಕಾಲದ ನಗರಗಳನ್ನೂ ಅವುಗಳ ಸುತ್ತಲ ಗಿರಿಗ್ರಾಮಗಳನ್ನೂ ಪ್ರತ್ಯೇಕವಾಗಿ ಕಾಣುವುದು ಸಲ್ಲದು. ನಗರದ ವೈಭವಕ್ಕೆ ಬೆಲೆ ತೆತ್ತವರು ಗ್ರಾಮದವರು, ಮತ್ತು ಆ ವೈಭವವನ್ನು ಕೈಯಾರೆ ರಚಿಸಿದವರೂ ಬಹುಮಟ್ಟಿಗೆ ಅವರೇ.

ರಾಜಧಾನಿಯಾದ ಕ್ವಿಟೊ ಸುಮಾರು 2,850 ಮೀಟರ್ ಎತ್ತರದಲ್ಲಿದೆ. ಎಂದರೆ ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತಲೂ ಒಂಬೈನೂರು ಮೀಟರುಗಳಷ್ಟು ಮೇಲೆ ಒಂದು ಮಹಾನಗರವೇ ಬೀದಿ, ಮಾರುಕಟ್ಟೆ, ಶಾಲೆಗಳೊಡನೆ ಹರಡಿಕೊಂಡಿದೆ. ಇಂಕಾ ದೊರೆ ಅತಾಹುವಾಲ್ಪನನ್ನು ಸ್ಪೇನಿನವರು 1533ರಲ್ಲಿ ಕೊಂದ ಮೇಲೆ, ಅವನ ದಳಪತಿ ರುಮಿನ್ಯಾವಿಯು ಈ ಊರು ಶತ್ರುವಿನ ವಶವಾಗಬಾರದೆಂದು ತಾನೇ ಬೆಂಕಿಯಿಟ್ಟನು. ಆ ಭಸ್ಮದ ಮೇಲೆ 1534ರ ಡಿಸೆಂಬರ್ 6ರಂದು ಸೆಬಾಸ್ಟಿಯನ್ ದೆ ಬೆನಾಲ್ಕಾಸರನು ಹೊಸ ನಗರವನ್ನು ಸ್ಥಾಪಿಸಿದನು. ಸ್ಪೇನಿನವರ ನಗರರಚನೆಯ ಕ್ರಮ ಎಲ್ಲೆಡೆಯಲ್ಲಿಯೂ ಒಂದೇ: ನಡುವೆ ಚೌಕ, ಅದರ ಸುತ್ತ ಇಗರ್ಜಿ, ಬಿಷಪ್ಪರ ಅರಮನೆ, ಆಡಳಿತದ ಸೌಧ, ಅಲ್ಲಿಂದ ನಾಲ್ಕು ದಿಕ್ಕಿಗೂ ನೇರವಾದ ಬೀದಿಗಳು. ಪಿಚಿಂಚಾ ಪರ್ವತದ ಬುಡದ ಕೊರಕಲುಗಳೂ ದಿಬ್ಬಗಳೂ ಈ ಕ್ರಮಕ್ಕೆ ಒಗ್ಗಲಿಲ್ಲ. ಆದರೂ ಬೀದಿಗಳನ್ನು ಬಳಸಿ ಒಯ್ಯಲು ಮನಸ್ಸಿಲ್ಲದೆ ಕೊರಕಲುಗಳ ಮೇಲೆ ಕಮಾನು ಕಟ್ಟಿ, ಮಣ್ಣು ತುಂಬಿ, ನಕ್ಷೆಯನ್ನೇ ಗೆಲ್ಲಿಸಿದರು. ಏರುಬೀದಿಯ ತುದಿಯಲ್ಲಿ ನಿಂತು ಏದುಸಿರು ಬಿಡುವ ಯಾತ್ರಿಕನಿಗೆ ಆ ಹಠ ಇಂದಿಗೂ ಅನುಭವಕ್ಕೆ ಬರುತ್ತದೆ.

1978ರಲ್ಲಿ ಯುನೆಸ್ಕೊ ಸಂಸ್ಥೆಯು ವಿಶ್ವಪರಂಪರೆಯ ಮೊದಲ ಪಟ್ಟಿಯನ್ನು ಪ್ರಕಟಿಸಿದಾಗ ಕ್ವಿಟೊ ಅದರಲ್ಲಿ ಸೇರಿದುದು ಮುಖ್ಯವಾಗಿ ಅಲ್ಲಿಯ ಇಗರ್ಜಿಗಳ ಬಲದಿಂದ. ಯೇಸುಸಂಘದವರ ಇಗರ್ಜಿಯ ನಿರ್ಮಾಣ 1605ರಲ್ಲಿ ಮೊದಲಾಗಿ 1765ರಲ್ಲಿ ಮುಗಿಯಿತು. ಒಳಗೆ ಗೋಡೆ, ಕಂಬ, ಛಾವಣಿಗಳೆಲ್ಲ ಬಂಗಾರದ ರೇಕಿನಿಂದ ಹೊಳೆಯುತ್ತವೆ. ನೂರ ಅರವತ್ತು ವರ್ಷ ಕಟ್ಟಿದವರು ಅದನ್ನು ಅನುಭವಿಸಿದುದು ಎರಡೇ ವರ್ಷ. 1767ರಲ್ಲಿ ಸ್ಪೇನಿನ ದೊರೆಯು ಆ ಸಂಘವನ್ನು ತನ್ನ ರಾಜ್ಯಗಳಿಂದಲೇ ಗಡೀಪಾರು ಮಾಡಿದನು. ಇದಕ್ಕಿಂತ ಹಳೆಯದು ಸಂತ ಫ್ರಾನ್ಸಿಸರ ಮಠ. ಇಲ್ಲಿಯ ಪಾದ್ರಿಗಳು ಹದಿನಾರನೆಯ ಶತಮಾನದಲ್ಲಿಯೇ ಪಾಠಶಾಲೆಯೊಂದನ್ನು ತೆರೆದು, ಮೂಲನಿವಾಸಿಗಳ ಮಕ್ಕಳಿಗೆ ಓದುಬರಹದೊಡನೆ ಚಿತ್ರ, ಶಿಲ್ಪ, ಮರಗೆಲಸಗಳನ್ನು ಕಲಿಸಿದರು. ಧರ್ಮಪ್ರಚಾರಕ್ಕಾಗಿ ಹುಟ್ಟಿದ ಈ ಶಿಕ್ಷಣವು ಕಾಲಕ್ರಮದಲ್ಲಿ ಕ್ವಿಟೊ ಸಂಪ್ರದಾಯವೆಂದು ಖ್ಯಾತವಾದ ಒಂದು ಕಲಾಪರಂಪರೆಗೆ ಬೀಜವಾಯಿತು. ಕರಾವಳಿಯ ಎಸ್ಮೆರಾಲ್ಡಾಸಿನ ಮೂವರು ಕಪ್ಪು ನಾಯಕರನ್ನು 1599ರಲ್ಲಿ ಚಿತ್ರಿಸಿದ ಆಂದ್ರೆಸ್ ಸಾಂಚೆಸ್ ಗಾಲ್ಕೆ ಮೂಲನಿವಾಸಿ. ಹದಿನೆಂಟನೆಯ ಶತಮಾನದಲ್ಲಿ ಮರದಲ್ಲಿ ಮಾಂಸದ ಮಾರ್ದವವನ್ನು ತಂದ ಕಾಸ್ಪಿಕಾರನೂ ಮೂಲನಿವಾಸಿಯೇ. ಬೆರ್ನಾರ್ದೊ ದೆ ಲೆಗಾರ್ದನು 1734ರಲ್ಲಿ ಕೆತ್ತಿದ ರೆಕ್ಕೆಯುಳ್ಳ ಕನ್ಯಾಮರಿಯೆಯ ಪುಟ್ಟ ವಿಗ್ರಹವು ಇಂದಿಗೂ ಸಂತ ಫ್ರಾನ್ಸಿಸರ ಮಠದ ಇಗರ್ಜಿಯ ಪೀಠದಲ್ಲಿದೆ. ಅದರ ಅನುಕರಣೆಯಾದ ಅಲ್ಯೂಮಿನಿಯಮ್ಮಿನ ಬೃಹತ್ ಪ್ರತಿಮೆ ಪಾನೆಸಿಯೊ ಗುಡ್ಡದ ಮೇಲೆ ನಿಂತು ಇಡೀ ನಗರವನ್ನು ನೋಡುತ್ತಿದೆ.

ಕ್ವಿಟೊದಿಂದ ಉತ್ತರಕ್ಕೆ ಸುಮಾರು ಎರಡು ಗಂಟೆಯ ಪ್ರಯಾಣದಲ್ಲಿ, ಇಂಬಾಬುರಾ ಪರ್ವತದ ಮಗ್ಗುಲಲ್ಲಿ, ಒಟವಾಲೊ ಎಂಬ ಊರಿದೆ. ಇಂಬಾಬುರಾ ಅಲ್ಲಿಯವರಿಗೆ ತಂದೆ, ಎದುರಿನ ಕೊಟಕಾಚಿ ತಾಯಿ. ಇಂಕಾಗಳು ಬರುವುದಕ್ಕೂ ಮೊದಲೇ ಈ ಜನ ಬಟ್ಟೆ ನೇಯುವುದರಲ್ಲಿಯೂ ದೂರದೂರಕ್ಕೆ ಹೋಗಿ ಮಾರುವುದರಲ್ಲಿಯೂ ನಿಪುಣರಾಗಿದ್ದರು. ಸ್ಪೇನಿನವರು ಕುರಿಗಳನ್ನೂ ಕಾಲಿನಿಂದ ತುಳಿಯುವ ಮಗ್ಗಗಳನ್ನೂ ತಂದು, ಆ ನೈಪುಣ್ಯವನ್ನು ಉಣ್ಣೆಯ ಕಾರ್ಖಾನೆಗಳೊಳಗೆ ಕೂಡಿಹಾಕಿದರು. ಕಪ್ಪವನ್ನು ತೀರಿಸುವ ನೆವದಲ್ಲಿ ಗಂಡಸರೂ ಮಕ್ಕಳೂ ಬೆಳಗಿನಿಂದ ಕತ್ತಲಾಗುವವರೆಗೆ ಅಲ್ಲಿ ದುಡಿಯಬೇಕಾಗಿದ್ದಿತು. ಅಲ್ಲಿ ನೇಯ್ದ ಬಟ್ಟೆಯು ಇಂದಿನ ಬೊಲಿವಿಯಾದಲ್ಲಿರುವ ಪೊಟೊಸಿಯ ಬೆಳ್ಳಿಯ ಗಣಿಗಳವರೆಗೆ ಮಾರಾಟವಾಯಿತು; ಆ ವ್ಯಾಪಾರದ ಹಣವೇ ರಾಜಧಾನಿಯ ಇಗರ್ಜಿಗಳಲ್ಲಿ ಬಂಗಾರವಾಯಿತು. 1822ರ ಮೇ 24ರಂದು ಪಿಚಿಂಚಾದ ಇಳಿಜಾರಿನಲ್ಲಿ ನಡೆದ ಯುದ್ಧದಿಂದ ದೇಶಕ್ಕೆ ಸ್ವಾತಂತ್ರ್ಯ ಬಂದರೂ, ಜಮೀನುದಾರನ ತೋಟದಲ್ಲಿ ಒಂದು ತುಂಡು ನೆಲಕ್ಕಾಗಿ ಬಿಟ್ಟಿ ದುಡಿಯುವ ಪದ್ಧತಿ 1964ರ ಭೂಸುಧಾರಣೆಯವರೆಗೂ ಉಳಿದಿದ್ದಿತು. ಇಂತಹ ಹಿನ್ನೆಲೆಯಿಂದ ಬಂದ ಒಟವಾಲೊ ನೇಕಾರರು ಇಂದು ತಮ್ಮ ಸರಕಿಗೆ ತಾವೇ ಒಡೆಯರು. ಶನಿವಾರದ ಸಂತೆಯಲ್ಲಿ ಉದ್ದ ಜಡೆಯ, ಕಡುನೀಲಿ ಹೊದಿಕೆಯ ಗಂಡಸರೂ, ಕಸೂತಿಯ ಬಿಳಿ ರವಿಕೆಯ ಮೇಲೆ ಹೊಂಬಣ್ಣದ ಮಣಿಸರಗಳನ್ನು ಸುತ್ತಿಕೊಂಡ ಹೆಂಗಸರೂ ಕಿಚುವಾ ಭಾಷೆಯಲ್ಲಿ ಪರಸ್ಪರ ಮಾತನಾಡುತ್ತ, ಸ್ಪಾನಿಷಿನಲ್ಲಿ ಗಿರಾಕಿಗೆ ಬೆಲೆ ಹೇಳುತ್ತ, ಯುರೋಪಿನ ನಗರಗಳವರೆಗೂ ವ್ಯಾಪಾರವನ್ನು ಹಬ್ಬಿಸಿದ್ದಾರೆ.

ದಕ್ಷಿಣದ ಹಾದಿಯಲ್ಲಿ ಸಿಗುವ ರಿಯೊಬಾಂಬಾ 1797ರ ಭೂಕಂಪದಲ್ಲಿ ನೆಲಸಮವಾಗಿ, ಬೇರೊಂದು ಬಯಲಿನಲ್ಲಿ ಮತ್ತೆ ಹುಟ್ಟಿದ ನಗರ. ಅದರಾಚೆ ಅಲೌಸಿಯ ಬಳಿ, ಕಡಿದಾದ ಬಂಡೆಯೊಂದರ ಮೈಮೇಲೆ ರೈಲನ್ನು ಮುಂದಕ್ಕೂ ಹಿಂದಕ್ಕೂ ಓಡಿಸಿ ಏರಿಸುವ ಹಾದಿಯನ್ನು ಕಟ್ಟಿ, 1908ರಲ್ಲಿ ಕರಾವಳಿಯನ್ನು ಕ್ವಿಟೊದೊಡನೆ ಕೂಡಿಸಿದರು. ಜಮೈಕಾದಿಂದ ಕರೆತಂದ ಅನೇಕ ಕೂಲಿಗಳು ಆ ಹಾದಿಗಾಗಿ ಪ್ರಾಣ ತೆತ್ತರು.

ಇನ್ನೂ ದಕ್ಷಿಣದಲ್ಲಿ, ನಾಲ್ಕು ನದಿಗಳ ಕೂಟದಲ್ಲಿ, 1557ರಲ್ಲಿ ಸ್ಥಾಪಿತವಾದ ಕ್ವೆಂಕಾ ನಗರವಿದೆ. ಇಂಕಾಗಳ ತೊಮೆಬಾಂಬಾ ಇದ್ದ ನೆಲವಿದು. ಹಾಳಾದ ಆ ಪಟ್ಟಣದ ಕಲ್ಲುಗಳೇ ಹಳೆಯ ಇಗರ್ಜಿಯ ಅಡಿಪಾಯಕ್ಕೆ ಸೇರಿದವು. ಎದುರಿಗೆ 1885ರಲ್ಲಿ ಆರಂಭಿಸಿದ ಹೊಸ ಇಗರ್ಜಿಯ ನೀಲಿ ಗುಮ್ಮಟಗಳು ಬೆಟ್ಟಗಳ ಹಿನ್ನೆಲೆಯಲ್ಲಿ ಶೋಭಿಸುತ್ತವೆ. ಕ್ವಿಟೊಗಿಂತ ಶಾಂತವಾದ ಈ ನಗರದ ಸುತ್ತಲ ಹಳ್ಳಿಗಳಲ್ಲಿ ಹೆಂಗಸರು ನಡೆಯುವಾಗಲೂ, ಹರಟುವಾಗಲೂ, ಕರಾವಳಿಯಿಂದ ಬಂದ ಹುಲ್ಲಿನ ಎಳೆಗಳನ್ನು ಹೆಣೆಯುತ್ತಲೇ ಇರುತ್ತಾರೆ. ಜಗತ್ತು ಪನಾಮಾ ಟೋಪಿಯೆಂದು ಕೊಂಡಾಡುವುದು ಇದನ್ನೇ. ಪನಾಮಾ ಬಂದರಿನ ಮೂಲಕ ಮಾರಾಟವಾದ ಕಾರಣ ಕೀರ್ತಿ ಅಲ್ಲಿಗೆ ಹೋಯಿತು, ಹೆಣಿಗೆ ಇಲ್ಲಿ ಉಳಿಯಿತು.

ಈ ಬೆಟ್ಟಗಳಿಂದ ಹೊರಜಗತ್ತು ಪಡೆದುದು ಬಟ್ಟೆಬರೆ ಮಾತ್ರವಲ್ಲ. 1736ರಲ್ಲಿ ಬಂದ ಫ್ರಾನ್ಸಿನ ವಿದ್ವಾಂಸರು ಕ್ವಿಟೊ ಬಳಿಯಿಂದ ಕ್ವೆಂಕಾ ಬಳಿಯ ತಾರ್ಕಿಯವರೆಗೆ ವರ್ಷಗಟ್ಟಲೆ ಭೂಮಿಯನ್ನು ಅಳೆದು, ಅದು ಧ್ರುವಗಳಲ್ಲಿ ಚಪ್ಪಟೆಯಾಗಿದೆಯೆಂಬ ನ್ಯೂಟನ್ನನ ಮತವನ್ನು ಸಮರ್ಥಿಸಿದರು. ಮಲೇರಿಯಾಕ್ಕೆ ಮದ್ದಾದ ಸಿಂಕೋನಾ ತೊಗಟೆಯ ಖ್ಯಾತಿ ದಕ್ಷಿಣದ ಲೋಹಾ ಪ್ರಾಂತದಿಂದ ಹಬ್ಬಿತು. 1860ರಲ್ಲಿ ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ರಿಚರ್ಡ್ ಸ್ಪ್ರೂಸನು ಚಿಂಬೊರಾಸೊದ ಪಶ್ಚಿಮದ ಕಾಡುಗಳಿಂದ ಸಂಗ್ರಹಿಸಿ ಕಳುಹಿಸಿದ ಕೆಂಪುತೊಗಟೆಯ ಬೀಜಗಳೂ ಸಸಿಗಳೂ ನಮ್ಮ ನೆರೆಯ ನೀಲಗಿರಿಯ ಸಿಂಕೋನಾ ತೋಟಗಳಿಗೆ ಮೂಲವಾದವು.

ಇಲ್ಲಿಗೆ ಹೋಗಬಯಸುವವರು ಮೊದಲ ದಿನಗಳಲ್ಲಿ ಅವಸರಪಡದೆ, ಹಗುರವಾಗಿ ಉಂಡು, ನೀರು ಕುಡಿದು, ತೆಳುವಾದ ಗಾಳಿಗೆ ಒಗ್ಗಿಕೊಳ್ಳುವುದು ಒಳ್ಳೆಯದು. ಆಲೂಗಡ್ಡೆ ಮತ್ತು ಗಿಣ್ಣಿನ ಬಿಸಿ ಸಾರು ಅಲ್ಲಿ ಎಲ್ಲೆಡೆಯೂ ದೊರೆಯುತ್ತದೆ. ಬಳಿಕ ಒಟವಾಲೊ ಸಂತೆಯನ್ನು ಮೊದಲು ಕಂಡು, ಆಮೇಲೆ ಕ್ವಿಟೊದ ಇಗರ್ಜಿಗಳಿಗೆ ಬಂದರೆ, ಬಂಗಾರವು ಎಲ್ಲಿಂದ ಬಂದಿತೆಂಬುದು ಯಾರೂ ಹೇಳದೆಯೇ ತಿಳಿಯುತ್ತದೆ. ಆ ಲೆಕ್ಕ ಇನ್ನೂ ಮುಗಿದಿಲ್ಲವೆಂಬುದನ್ನೂ ಮರೆಯಬಾರದು: ವಿದೇಶದ ಅಂಗಡಿಯಲ್ಲಿ ದುಬಾರಿಗೆ ಮಾರುವ ಟೋಪಿಯ ಬೆಲೆಯಲ್ಲಿ ಹೆಣೆದವಳ ಪಾಲು ಅಲ್ಪ. ಹಳ್ಳಿಗೇ ಹೋಗಿ, ಚೌಕಾಸಿಯನ್ನು ಮಿತಿಯಲ್ಲಿಟ್ಟು, ಅವಳ ಕೈಗೇ ಹಣ ಕೊಟ್ಟು ಕೊಳ್ಳುವ ಪ್ರವಾಸಿ ಆ ಹಳೆಯ ಲೆಕ್ಕದಲ್ಲಿ ಸರಿಯಾದ ಪಕ್ಕಕ್ಕೆ ಒಂದು ಮೊತ್ತವನ್ನು ಬರೆದಂತಾಗುತ್ತದೆ.