ನಾಳೆಯಿಂದ ಖಂಡಿತ!

"ನಾಳೆಯಿಂದ ಖಂಡಿತ ವಾಕಿಂಗ್ ಶುರು ಮಾಡ್ತೀನಿ ಕಣ್ರೀ!" ಈ ಮಾತನ್ನು ನೀವೂ ಆಡಿರಬಹುದು. ನಾನಂತೂ ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಆಡುತ್ತಿದ್ದೆ. ನಾಲ್ಕು ದಿನ ಉತ್ಸಾಹ. ಐದನೆಯ ದಿನ ನೆಂಟರು, ಆರನೆಯ ದಿನ ಮಳೆ, ಅಲ್ಲಿಗೆ ಮುಗಿಯಿತು. ಕಳೆದ ವರ್ಷ ರಕ್ತಪರೀಕ್ಷೆಯಲ್ಲಿ ಸಕ್ಕರೆ ಗಡಿಯ ಹತ್ತಿರ ಬಂದಿದೆ ಎಂದಾಗ ಎದೆ ಝಲ್ಲೆಂದಿತು. ನಮ್ಮಮ್ಮ ಇದೇ ಕಾಯಿಲೆಯಲ್ಲಿ ಕಾಲುಬೆರಳು ಕಳೆದುಕೊಂಡವರು.

ಉತ್ಸಾಹ ಬರಲಿ ಎಂದು ಕಾದು ಕೂತರೆ ಆಗದು. ಹಾಲು ಕಾಯಿಸಲು ಉತ್ಸಾಹ ಬೇಕೇ? ಹೊತ್ತಾಯಿತು, ಕಾಯಿಸುತ್ತೇವೆ. ನಡಿಗೆಯನ್ನೂ ಹಾಗೇ ದಿನದ ಒಂದು ಕೆಲಸಕ್ಕೆ ಗಂಟು ಹಾಕಿ. ನಾನು ರಂಗೋಲಿ ಇಟ್ಟ ಮೇಲೆ ಒಳಗೆ ಬರುವುದೇ ಇಲ್ಲ; ಡಬ್ಬಿ ಜಗಲಿಯ ಮೇಲಿಟ್ಟು, ಚಪ್ಪಲಿ ಮೆಟ್ಟಿ ಹೊರಟುಬಿಡುತ್ತೇನೆ. ಒಳಗೆ ಕಾಲಿಟ್ಟರೆ ಒಲೆ ಬಿಡುವುದುಂಟೆ? ಎದುರುಮನೆಯವರು ಗೇಟಿನಲ್ಲಿ ಕಾಯುತ್ತಾರೆ, ಆ ಸಂಕೋಚಕ್ಕಾದರೂ ಏಳಲೇಬೇಕು!

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ, ಅಂದರೆ ಐದು ದಿನ ಅರ್ಧರ್ಧ ಗಂಟೆ. ಒಂದೇ ಸಲ ಆಗಬೇಕೆಂದಿಲ್ಲ. ಬೆಳಿಗ್ಗೆ 20, ರಾತ್ರಿ ಊಟದ ಮೇಲೆ 10 ಆದರೂ ಸರಿ. ಊಟದ ಮೇಲಿನ ನಡಿಗೆ ಸಕ್ಕರೆ ಏರುವುದನ್ನೂ ತಗ್ಗಿಸುತ್ತದೆ. ವೇಗ? ಮಾತಾಡಲು ಆಗಬೇಕು, ಹಾಡಲು ಆಗಬಾರದು. "ಮನೆಗೆಲಸವೇ ಸಾಲದೇ?" ಅಂತೀರಾ? ಬಾವಿ ಸೇದಿ, ಒರಳಲ್ಲಿ ರುಬ್ಬುತ್ತಿದ್ದ ಕಾಲಕ್ಕೆ ಸಾಕಿತ್ತು. ಮಿಕ್ಸಿಯ ಗುಂಡಿ ತಿರುಗಿಸುವುದು ಬೆರಳಿಗೆ ಮಾತ್ರ ವ್ಯಾಯಾಮ.

ತಪ್ಪಿದ ದಿನಗಳೂ ಉಂಟು. ಕಳೆದ ತಿಂಗಳು ನಾದಿನಿಯ ಮಗಳ ಮದುವೆಯಲ್ಲಿ ಎಂಟು ದಿನ ಹೋಯಿತು. ಮೊದಲಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದೆ. ಒಂಬತ್ತನೆಯ ದಿನ ಹತ್ತೇ ನಿಮಿಷ, ದೇವಸ್ಥಾನದವರೆಗೆ ಹೋಗಿ ಬಂದೆ. ಮರುದಿನ ರಂಗೋಲಿ ಮುಗಿಯುವ ಮೊದಲೇ ಎದುರುಮನೆಯವರು ಗೇಟಿನಲ್ಲಿದ್ದರು.